ಕಡಲ ಅರಿವಿನ ಮೈಲಿಗಲ್ಲುಗಳು ಮತ್ತು ಒಳನಾಡಿನ ಮಳೆಜ್ಞಾನ: ಉಬ್ರಾಣಿ ಪರಿಸರವನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಪೀಠಿಕೆ

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಹೋಬಳಿಯಿಂದ ಅರಬ್ಬೀ ಸಮುದ್ರದ ತೀರ ನೇರ ದೂರದಲ್ಲಿ ಸುಮಾರು 140 ಕಿಲೋಮೀಟರ್. ನಡುವೆ ಸಹ್ಯಾದ್ರಿಯ ಗೋಡೆಯಿದೆ. ಬೇಸಾಯ, ಪಶುಪಾಲನೆ, ಕಾಡಿನ ಉತ್ಪನ್ನ ಇವುಗಳನ್ನು ನಂಬಿ ಬದುಕಿದ ಇಲ್ಲಿನ ಹಿರಿಯ ತಲೆಮಾರುಗಳಲ್ಲಿ ಕಡಲನ್ನು ಕಣ್ಣಾರೆ ಕಂಡವರು ವಿರಳ. ಆದರೂ ಈ ಪರಿಸರದ ಜನಜೀವನದಲ್ಲಿ 'ಸಾಗರ' ಎಂಬ ಮಾತು ಅಪರಿಚಿತವಲ್ಲ. ಇದೇ ತಾಲ್ಲೂಕಿನ ಸೂಳೆಕೆರೆಗೆ 'ಶಾಂತಿಸಾಗರ' ಎಂಬ ಇನ್ನೊಂದು ಹೆಸರಿದೆ. ರಾಜಕುಮಾರಿ ಶಾಂತವ್ವೆ ಕೆರೆಯನ್ನು ಕಟ್ಟಿಸಲು ಮುಂದಾದಳೆಂದೂ, ನೆಲದ ಒಡೆತನ ಹೊಂದಿದ್ದ ವೇಶ್ಯೆಯರು ಕೆರೆಗೆ ತಮ್ಮ ಹೆಸರು ನಿಲ್ಲಬೇಕೆಂಬ ಷರತ್ತಿನ ಮೇಲೆ ನೆಲ ಬಿಟ್ಟುಕೊಟ್ಟರೆಂದೂ ಐತಿಹ್ಯ ಹೇಳುತ್ತದೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಏರಿ ಹಾಕಿ, ಹರಿದ್ರಾವತಿಯ ನೀರನ್ನು ತಡೆದು ನಿಲ್ಲಿಸಿದ ಈ ಜಲರಾಶಿಯ ಎದುರು ನಿಂತ ಒಳನಾಡಿನ ಮನುಷ್ಯನಿಗೆ ಅದನ್ನು ಹೋಲಿಸಲು ಸಾಗರಕ್ಕಿಂತ ಕಡಿಮೆಯಾದ ಪದ ಸಾಲದಾಯಿತು.

ಈ ಹೆಸರು ಕೇವಲ ಉತ್ಪ್ರೇಕ್ಷೆಯಲ್ಲ. ಸೂಳೆಕೆರೆ ತುಂಬುವುದೂ ಬತ್ತುವುದೂ ಕಡಲಿನ ಸ್ಥಿತಿಯನ್ನೇ ಅವಲಂಬಿಸಿದೆ ಎಂಬುದನ್ನು ಕಳೆದ ನೂರೈವತ್ತು ವರ್ಷಗಳ ಸಾಗರವಿಜ್ಞಾನ ಹಂತಹಂತವಾಗಿ ತೋರಿಸಿಕೊಟ್ಟಿದೆ. ಸಾಗರವಿಜ್ಞಾನದ ಚರಿತ್ರೆಯನ್ನು ಸಾಮಾನ್ಯವಾಗಿ ಹಡಗುಗಳ, ನಾವಿಕರ, ಆಳದ ಶೋಧಗಳ ಚರಿತ್ರೆಯಾಗಿ ಬರೆಯಲಾಗುತ್ತದೆ. ಅದೇ ಚರಿತ್ರೆಯನ್ನು ಮಳೆಗಾಗಿ ಕಾಯುವ ರೈತನ ಹೊಲದಿಂದ ನೋಡಿದರೆ ಅದರ ಮೈಲಿಗಲ್ಲುಗಳು ಬೇರೆ ಕ್ರಮದಲ್ಲಿ ಜೋಡಣೆಗೊಳ್ಳುತ್ತವೆ. ಆ ಕ್ರಮವನ್ನು ಗುರುತಿಸುವುದು, ಜನಪದರ ಮಳೆಜ್ಞಾನಕ್ಕೂ ಆಧುನಿಕ ಕಡಲರಿವಿಗೂ ಇರುವ ಸಂಬಂಧ ಎಂಥದು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಳೆನಕ್ಷತ್ರಗಳ ಲೆಕ್ಕ

ಕನ್ನಡದ 'ಮುಂಗಾರು' ಮತ್ತು 'ಹಿಂಗಾರು' ಎಂಬ ಮಾತುಗಳಲ್ಲಿ 'ಕಾರ್' ಎಂಬ ಹಳೆಯ ಪದವಿದೆ. ಕಾರ್ಗಾಲ, ಕಾರ್ಮುಗಿಲು ಎಂಬಲ್ಲಿಯೂ ಇರುವುದು ಅದೇ. ಮಳೆಗಾಲವನ್ನು ಮುಂದಿನದು, ಹಿಂದಿನದು ಎಂದು ಎರಡಾಗಿ ಒಡೆದು ನೋಡುವ ಈ ಪರಿಭಾಷೆ ಒಳನಾಡಿನ ಬೇಸಾಯದ ಅನುಭವದಿಂದ ಹುಟ್ಟಿದ್ದು. ಇದರೊಳಗೆ ಇನ್ನೂ ಸೂಕ್ಷ್ಮವಾದ ವಿಭಾಗವೇ ಮಳೆನಕ್ಷತ್ರಗಳ ಲೆಕ್ಕ. ಸೂರ್ಯನು ಇಪ್ಪತ್ತೇಳು ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುತ್ತಾನೆ. ಒಂದೊಂದು ನಕ್ಷತ್ರಕ್ಕೆ ಹದಿಮೂರೂವರೆ ದಿನ. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿಯಿಂದ ತೊಡಗಿ, ಮೇ ಕೊನೆಯ ವಾರದಲ್ಲಿ ರೋಹಿಣಿ, ಜೂನ್ ಮೊದಲ ವಾರದ ಕೊನೆಗೆ ಮೃಗಶಿರ, ಜೂನ್ 21-22ರ ವೇಳೆಗೆ ಆರಿದ್ರೆ, ಆಗಸ್ಟ್ ಮಧ್ಯದಲ್ಲಿ ಮಘೆ, ಆಗಸ್ಟ್ ಕೊನೆಗೆ ಹುಬ್ಬೆ, ಅಕ್ಟೋಬರ್ ಕೊನೆಯ ವಾರದಲ್ಲಿ ಸ್ವಾತಿ ಹೀಗೆ ಈ ಸಾಲು ಸಾಗುತ್ತದೆ. ಯಾವ ಮಳೆಗೆ ಹೊಲ ಹದ ಮಾಡಬೇಕು, ಯಾವ ಮಳೆಗೆ ಬಿತ್ತಬೇಕು, ಯಾವ ಮಳೆ ಹೂವಿಗೆ ಬಂದ ಬೆಳೆಗೆ ಬೇಕು, ಯಾವುದು ಕೊಯ್ಲಿಗೆ ಕೇಡು ಎಂಬುದೆಲ್ಲ ಗಾದೆಗಳ ರೂಪದಲ್ಲಿ ನೆನಪಿನಲ್ಲಿ ಉಳಿದಿದೆ. ಭರಣಿ ಮಳೆಯನ್ನು ಇಡೀ ನೆಲದ ಬೆಳೆಗೆ ಶುಭವೆಂದು ಎಣಿಸುವುದು, ಆರಿದ್ರೆ ಬಿಡುವಿಲ್ಲದೆ ಸುರಿಯುವ ಮಳೆಯೆಂದು ಹೇಳುವುದು ಕರ್ನಾಟಕದ ಬಹುಭಾಗದಲ್ಲಿ ಪ್ರಚಲಿತವಿರುವ ನಂಬಿಕೆಗಳು.

ಜಾನಪದ ಅಧ್ಯಯನಗಳಲ್ಲಿ ಈ ಗಾದೆಗಳನ್ನು ಸಂಗ್ರಹಿಸಿ ವರ್ಗೀಕರಿಸುವ ಕೆಲಸ ಸಾಕಷ್ಟು ನಡೆದಿದೆ. ಆದರೆ ಅವು ಕಾಲದ ಲೆಕ್ಕವಾಗಿ ಹೇಗೆ ಕೆಲಸ ಮಾಡುತ್ತವೆ ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ತಿಥಿ ಮತ್ತು ಹುಣ್ಣಿಮೆಗಳನ್ನು ಆಧರಿಸಿದ ಚಾಂದ್ರಮಾನ ಪಂಚಾಂಗದಲ್ಲಿ ಹಬ್ಬಗಳು ವರ್ಷದಿಂದ ವರ್ಷಕ್ಕೆ ಹತ್ತಿಪ್ಪತ್ತು ದಿನ ಹಿಂದುಮುಂದಾಗುತ್ತವೆ. ಬಿತ್ತನೆಗೆ ಅಂಥ ಲೆಕ್ಕ ಒಗ್ಗುವುದಿಲ್ಲ. ಆದ್ದರಿಂದ ಹಬ್ಬಕ್ಕೆ ಚಂದ್ರನನ್ನೂ ಬೇಸಾಯಕ್ಕೆ ಸೂರ್ಯನನ್ನೂ ಹಿಡಿದ ಜನಪದರ ವಿವೇಕ ಮೆಚ್ಚತಕ್ಕದ್ದು. ಎರಡನೆಯದು, ನಕ್ಷತ್ರಗಳನ್ನು ಆಧರಿಸಿದ ಸೌರವರ್ಷವು ಋತುಗಳ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ದೀರ್ಘವಾದುದು. ಭೂಮಿಯ ಅಕ್ಷವು ನಿಧಾನವಾಗಿ ತಿರುಗುವುದೇ ಇದಕ್ಕೆ ಕಾರಣ. ಹೀಗಾಗಿ ಸುಮಾರು ಎಪ್ಪತ್ತು ವರ್ಷಕ್ಕೆ ಒಂದು ದಿನದಂತೆ ಮಳೆನಕ್ಷತ್ರವು ಋತುವಿನಿಂದ ಮುಂದಕ್ಕೆ ಜಾರುತ್ತದೆ. ಒಂಬೈನೂರು ವರ್ಷಗಳಲ್ಲಿ ಈ ಜಾರಿಕೆ ಹದಿಮೂರು ದಿನ, ಅಂದರೆ ಹೆಚ್ಚುಕಡಿಮೆ ಒಂದು ಪೂರ್ಣ ನಕ್ಷತ್ರ. ಹನ್ನೆರಡನೆಯ ಶತಮಾನದ ರೈತನೊಬ್ಬ ಆರಿದ್ರೆಯೆಂದು ಕರೆದ ಮಳೆ ಋತುವಿನ ಲೆಕ್ಕದಲ್ಲಿ ಇಂದಿನ ಮೃಗಶಿರದ ಕಾಲಕ್ಕೆ ಬೀಳುತ್ತಿತ್ತು. ಗಾದೆಯೊಂದು ಬಹು ಪುರಾತನವಾದುದಾದರೆ ಅದರ ಮಾತು ಇಂದು ಒಂದು ನಕ್ಷತ್ರ ತಪ್ಪಿರಬೇಕು. ಅದು ಇಂದಿಗೂ ಅನುಭವಕ್ಕೆ ಹೊಂದುತ್ತಿದ್ದರೆ ಒಂದೋ ಅದು ಈಚಿನ ಶತಮಾನಗಳದು, ಇಲ್ಲವೇ ತಲೆಮಾರಿನಿಂದ ತಲೆಮಾರಿಗೆ ಸದ್ದಿಲ್ಲದೆ ತಿದ್ದುಪಡಿಗೊಂಡು ಬಂದುದು. ಜನಪದ ಜ್ಞಾನವನ್ನು 'ಅನಾದಿ' ಎಂದು ಕರೆಯುವ ರೂಢಿಗೆ ಈ ಸರಳ ಲೆಕ್ಕವೇ ಒಂದು ಎಚ್ಚರಿಕೆಯಾಗಿದೆ.

ಯುಗಾದಿಯ ಪಂಚಾಂಗ ಶ್ರವಣದಲ್ಲಿ ಬರುವ ಇನ್ನೊಂದು ಅಂಶವೂ ಇಲ್ಲಿ ಪ್ರಸ್ತುತ. ಆ ವರ್ಷದ ಮಳೆಯನ್ನು ಕೊಳಗಗಳಲ್ಲಿ ಅಳೆದು, ಅದರಲ್ಲಿ ಸಮುದ್ರಕ್ಕೆ ಇಷ್ಟು ಭಾಗ, ಪರ್ವತಕ್ಕೆ ಇಷ್ಟು ಭಾಗ, ಭೂಮಿಗೆ ಇಷ್ಟು ಭಾಗ ಎಂದು ಹಂಚುವ ಕ್ರಮ ಪಂಚಾಂಗಗಳಲ್ಲಿದೆ. ಈ ಹಂಚಿಕೆಯಲ್ಲಿ ದೊಡ್ಡ ಪಾಲು ಸಮುದ್ರದ್ದು. ಕಡಲನ್ನು ಕಾಣದ ಊರಿನ ಗುಡಿಯ ಜಗಲಿಯಲ್ಲಿ ಕುಳಿತ ರೈತ ಪ್ರತಿವರ್ಷವೂ ತನ್ನ ಮಳೆ ಕಡಲಿನೊಡನೆ ಹಂಚಿಕೊಂಡ ಮಳೆ ಎಂಬುದನ್ನು ಕೇಳಿಸಿಕೊಳ್ಳುತ್ತಿದ್ದ. ಪರ್ವತ ಮತ್ತು ಬಯಲಿನ ಪಾಲಿನ ವ್ಯತ್ಯಾಸವಂತೂ ಅವನ ಕಣ್ಣೆದುರಿನ ಸತ್ಯ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅಲ್ಲಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ, ಘಟ್ಟದ ಮಳೆನೆರಳಿನಲ್ಲಿರುವ ದಾವಣಗೆರೆ ಸೀಮೆಗೆ ದಕ್ಕುವುದು ಅದರ ಹತ್ತನೆಯ ಒಂದು ಪಾಲಿನಷ್ಟು ಮಾತ್ರ.

ಹಾಯಿಹಡಗಿನ ಕಾಲದ ಗಾಳಿಯರಿವು

ಮಳೆಯನ್ನು ತರುವ ಗಾಳಿಯನ್ನು ಮೊದಲು ಕ್ರಮವಾಗಿ ಅರಿತವರು ರೈತರಲ್ಲ, ನಾವಿಕರು. ಕ್ರಿಸ್ತಶಕದ ಆರಂಭದ ವೇಳೆಗೆ ಗ್ರೀಕ್ ಮತ್ತು ರೋಮನ್ ವರ್ತಕರು ನೈರುತ್ಯ ಗಾಳಿಯನ್ನು ನಂಬಿ ಅರಬ್ಬೀ ಸಮುದ್ರವನ್ನು ನೇರವಾಗಿ ದಾಟತೊಡಗಿದ್ದರು. ಈ ಮಾರ್ಗವನ್ನು ಹಿಪ್ಪಾಲಸ್ ಎಂಬ ನಾವಿಕನ ಹೆಸರಿನೊಡನೆ ಒಂದನೆಯ ಶತಮಾನದ 'ಪೆರಿಪ್ಲಸ್' ಗ್ರಂಥ ಜೋಡಿಸುತ್ತದೆ. ಆದರೆ ಅರಬ್ಬರಿಗೂ ಭಾರತದ ಪಶ್ಚಿಮ ಕರಾವಳಿಯವರಿಗೂ ಆ ಗಾಳಿಯ ಪರಿಚಯ ಅದಕ್ಕೂ ಹಿಂದಿನದೆಂದು ವಿದ್ವಾಂಸರು ಒಪ್ಪುತ್ತಾರೆ. ಋತು ಎಂಬ ಅರ್ಥದ 'ಮೌಸಿಮ್' ಎಂಬ ಅರಬ್ಬೀ ಪದವೇ 'ಮಾನ್ಸೂನ್' ಆಗಿ ಜಗತ್ತಿನ ಭಾಷೆಗಳನ್ನು ಸೇರಿತು. ಹದಿನೈದನೆಯ ಶತಮಾನದ ಕೊನೆಯಲ್ಲಿ ಅಹ್ಮದ್ ಇಬ್ನ್ ಮಾಜಿದ್ ಬರೆದ ನೌಕಾಗ್ರಂಥದಲ್ಲಿ ಹಿಂದೂ ಮಹಾಸಾಗರದ ಗಾಳಿ, ನಕ್ಷತ್ರ, ಬಂದರುಗಳ ಜ್ಞಾನ ಕ್ರೋಡೀಕೃತವಾಗಿದೆ. 1498ರಲ್ಲಿ ಕಲ್ಲಿಕೋಟೆಗೆ ಬಂದ ವಾಸ್ಕೋ ಡ ಗಾಮ ಹಿಂದಿರುಗುವಾಗ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ತಂಗಿದ. ಗಾಳಿಯ ಕಾಲವನ್ನು ಲೆಕ್ಕಿಸದೆ ಅಲ್ಲಿಂದ ಹೊರಟದ್ದರಿಂದ ಆಫ್ರಿಕದ ತೀರ ಮುಟ್ಟಲು ಅವನಿಗೆ ಮೂರು ತಿಂಗಳು ಹಿಡಿದು, ಅನೇಕ ನಾವಿಕರು ಕಾಯಿಲೆಯಿಂದ ಸತ್ತರು. ಹೋಗುವಾಗ ಸ್ಥಳೀಯ ಮಾರ್ಗದರ್ಶಕನ ನೆರವಿನಿಂದ ಅದೇ ಸಮುದ್ರವನ್ನು ಒಂದು ತಿಂಗಳೊಳಗೆ ದಾಟಲಾಗಿತ್ತು. ಸ್ಥಳೀಯ ಗಾಳಿಯರಿವಿನ ಬೆಲೆಯೇನೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಕರಾವಳಿಯ ಮೊಗವೀರ, ಖಾರ್ವಿ, ಹರಿಕಂತ್ರ, ಅಂಬಿಗ ಮೊದಲಾದ ಸಮುದಾಯಗಳಲ್ಲಿ ಈ ಅರಿವು ಬದುಕಿನ ಕ್ರಮವಾಗಿ ಉಳಿದು ಬಂದಿದೆ. ಮಳೆಗಾಲದ ಅಬ್ಬರ ಇಳಿದ ಮೇಲೆ ನೂಲಹುಣ್ಣಿಮೆಯ ಹೊತ್ತಿಗೆ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಮೀನುಗಾರಿಕೆಯನ್ನು ಮತ್ತೆ ಆರಂಭಿಸುವುದು ಅವರ ಸಂಪ್ರದಾಯ. ಇಂದು ರಾಜ್ಯದಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಇರುವ 61 ದಿನಗಳ ನಿಷೇಧವು ಹಳೆಯ ಕಟ್ಟಳೆಯ ಬಿಡುವಿನ ಕಾಲದೊಡನೆಯೇ ಬಹುಮಟ್ಟಿಗೆ ಹೊಂದುತ್ತದೆ. ಇದಕ್ಕೆ ಸಾಗರವಿಜ್ಞಾನ ಕೊಡುವ ವಿವರಣೆಯೂ ಇದೆ. ಮಳೆಗಾಲದಲ್ಲಿ ಗಾಳಿ ಮತ್ತು ಪ್ರವಾಹಗಳ ಒತ್ತಡದಿಂದ ತೀರದ ಮೇಲುನೀರು ಹೊರಕ್ಕೆ ಸರಿದು, ಆಳದ ತಣ್ಣೀರು ಪೋಷಕಾಂಶಗಳೊಡನೆ ಮೇಲೇಳುತ್ತದೆ. ಅದನ್ನು ಉಂಡು ಬೆಳೆಯುವ ಸೂಕ್ಷ್ಮಜೀವಿಗಳೇ ಬೂತಾಯಿ, ಬಂಗುಡೆ ಮೀನುಗಳ ಆಹಾರ. ಮಳೆಗಾಲ ಮುಗಿದ ಮೇಲೆ ರಂಪಣಿ ಬಲೆಗೆ ಬೀಳುತ್ತಿದ್ದ ಮೀನಿನ ಸುಗ್ಗಿಯ ಮೂಲ ಇದು.

ಮಾನ್ಸೂನಿಗೆ ಭೌತಿಕ ಕಾರಣವನ್ನು ಸೂಚಿಸಿದ ಮೊದಲ ಪ್ರಮುಖ ಪ್ರಯತ್ನ 1686ರಲ್ಲಿ ಎಡ್ಮಂಡ್ ಹ್ಯಾಲಿಯದು. ಬೇಸಿಗೆಯಲ್ಲಿ ನೆಲ ಕಡಲಿಗಿಂತ ಬೇಗ ಕಾಯುತ್ತದೆ, ಕಾದ ಗಾಳಿ ಮೇಲೇರಿದ ಜಾಗಕ್ಕೆ ಕಡಲ ಗಾಳಿ ನುಗ್ಗುತ್ತದೆ ಎಂಬುದು ಅವನ ವಿವರಣೆ. ಗಾಳಿಗಳ ನಕ್ಷೆಯನ್ನೂ ಅವನು ಪ್ರಕಟಿಸಿದ. 1735ರಲ್ಲಿ ಜಾರ್ಜ್ ಹ್ಯಾಡ್ಲಿ ಭೂಮಿಯ ಪರಿಭ್ರಮಣದ ಪಾತ್ರವನ್ನು ಇದಕ್ಕೆ ಸೇರಿಸಿದ. ಹ್ಯಾಲಿಯ ವಿವರಣೆ ಮೂರು ಶತಮಾನ ಶಾಲಾ ಪಠ್ಯಗಳಲ್ಲಿ ನಿಂತಿತು. ಆದರೆ ಅದು ಉತ್ತರಿಸದ ಪ್ರಶ್ನೆಯೊಂದಿತ್ತು: ನೆಲ ಪ್ರತಿ ವರ್ಷವೂ ಕಾಯುತ್ತದೆ, ಹಾಗಿದ್ದರೂ ಮಳೆ ಕೆಲವು ವರ್ಷ ಕೈಕೊಡುವುದೇಕೆ?

ಬರಗಾಲ ಕೇಳಿದ ಪ್ರಶ್ನೆ

ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದಂತೆ ಮುಂದಿಟ್ಟದ್ದು 1876-78ರ ಮಹಾ ಬರ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದದ್ದು 1881ರಲ್ಲಿ ಸುಮಾರು 41.8 ಲಕ್ಷಕ್ಕೆ ಇಳಿಯಿತು. ಬರದ ದಾರುಣತೆಗೆ ಮಳೆಯ ಕೊರತೆಯೊಂದೇ ಕಾರಣವಾಗಿರಲಿಲ್ಲ. ಅಂದಿನ ಆಡಳಿತದ ಧಾನ್ಯನೀತಿ, ಪರಿಹಾರದ ಜಿಪುಣತನಗಳೂ ಅದಕ್ಕೆ ಹೊಣೆ. ಆದರೆ ಮಳೆಯನ್ನು ಮುಂದಾಗಿ ಅರಿಯಬಹುದೇ ಎಂಬ ವಿಚಾರಣೆಗೆ ಸರ್ಕಾರಿ ಬೆಂಬಲ ದೊರೆತದ್ದು ಈ ಬರಗಳಿಂದಾಗಿಯೇ. 1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್, ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಮಳೆ ಕುಗ್ಗುತ್ತದೆಂಬ ಊಹೆಯ ಮೇಲೆ 1886ರಲ್ಲಿ ದೀರ್ಘಾವಧಿ ಮುನ್ಸೂಚನೆ ಪ್ರಕಟಿಸತೊಡಗಿದ. 1899ರ ಮುನ್ಸೂಚನೆ ಪೂರ್ಣ ಹುಸಿಯಾಗಿ ದೇಶ ಮತ್ತೊಂದು ಘೋರ ಬರವನ್ನು ಕಂಡಿತು.

1904ರಿಂದ 1924ರವರೆಗೆ ಇಲಾಖೆಯ ಮುಖ್ಯಸ್ಥನಾಗಿದ್ದ ಗಿಲ್ಬರ್ಟ್ ವಾಕರ್ ಗಣಿತಜ್ಞ. ಜಗತ್ತಿನ ನಾನಾ ಕೇಂದ್ರಗಳ ವಾಯುಭಾರ, ಉಷ್ಣತೆ, ಮಳೆಯ ದಾಖಲೆಗಳನ್ನು ಕಲೆಹಾಕಿ ಅವುಗಳ ನಡುವಿನ ಸಂಬಂಧವನ್ನು ಲೆಕ್ಕ ಹಾಕಿಸಿದ. ಶಾಂತಸಾಗರದ ಮೇಲೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಮೇಲೆ ಇಳಿಯುತ್ತದೆ, ಇದು ತಕ್ಕಡಿಯ ಎರಡು ತಟ್ಟೆಗಳಂತೆ ತೂಗುತ್ತದೆ ಎಂಬುದನ್ನು ಅವನು ಕಂಡುಕೊಂಡ. ಅದಕ್ಕೆ 'ದಕ್ಷಿಣದ ತೂಗಾಟ' ಎಂಬರ್ಥದ ಹೆಸರಿಟ್ಟ. ತೂಗಾಟಕ್ಕೆ ಕಾರಣವೇನೆಂದು ಅವನಿಗೆ ತಿಳಿದಿರಲಿಲ್ಲ. ಕಡಲಿನ ಮಾಹಿತಿಯೇ ಆಗ ಇರಲಿಲ್ಲ. ಪೆರುವಿನ ತೀರದ ಮೀನುಗಾರರು ಕೆಲವು ವರ್ಷ ಕ್ರಿಸ್ಮಸ್ ಹೊತ್ತಿಗೆ ಬರುವ ಬೆಚ್ಚನೆಯ ನೀರನ್ನು ಬಾಲಯೇಸುವಿನ ಹೆಸರಿನಲ್ಲಿ 'ಎಲ್ ನಿನೊ' ಎಂದು ಕರೆಯುತ್ತಿದ್ದರು. 1969ರಲ್ಲಿ ಯಾಕೋಬ್ ಬ್ಯರ್ಕ್ನೆಸ್ ಎಂಬ ವಿಜ್ಞಾನಿ ಮೀನುಗಾರರ ಆ ಬೆಚ್ಚನೆಯ ನೀರೂ ವಾಕರನ ತೂಗಾಟವೂ ಒಂದೇ ವಿದ್ಯಮಾನದ ಎರಡು ಮುಖಗಳೆಂದು ತೋರಿಸಿದ. ಜಗತ್ತಿನ ಹವಾಮಾನದ ಬಹು ಮುಖ್ಯ ವಿದ್ಯಮಾನವೊಂದು ಇಂದಿಗೂ ಮೀನುಗಾರರು ಇಟ್ಟ ಹೆಸರಿನಿಂದಲೇ ಗುರುತಿಸಿಕೊಳ್ಳುತ್ತಿದೆ ಎಂಬುದು ಜಾನಪದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ. 1877ರಲ್ಲಿಯೂ ಪ್ರಬಲವಾದ ಎಲ್ ನಿನೊ ಇತ್ತೆಂದು ಈಗ ತಿಳಿದುಬಂದಿದೆ. ಚನ್ನಗಿರಿಯ ಶಾಂತಿಸಾಗರದ ಪಾಡು ಭೂಗೋಳದ ಇನ್ನೊಂದು ಬದಿಯ ಶಾಂತಸಾಗರದೊಡನೆ ಹೆಣೆದುಕೊಂಡಿದೆಯೆಂಬ ಅರಿವು ಹೀಗೆ ಮೂಡಿತು.

ಹಡಗುಗಳು ಅಳೆದ ಕಡಲು

ಸಾಗರವಿಜ್ಞಾನವು ಒಂದು ಶಾಸ್ತ್ರವಾಗಿ ರೂಪುಗೊಂಡದ್ದು ಬ್ರಿಟನ್ನಿನ 'ಚಾಲೆಂಜರ್' ಹಡಗಿನ 1872-76ರ ಯಾನದಿಂದ. ಆಳ, ಉಷ್ಣತೆ, ಪ್ರವಾಹ, ಜೀವಿಗಳನ್ನು ಕ್ರಮಬದ್ಧವಾಗಿ ದಾಖಲಿಸಿದ ಆ ಯಾನದ ವರದಿ ಐವತ್ತು ಸಂಪುಟಗಳಷ್ಟಾಯಿತು. ಸುಮಾರು 4,700 ಹೊಸ ಜೀವಿಪ್ರಭೇದಗಳು ಬೆಳಕಿಗೆ ಬಂದವು. ಆದರೆ ಆ ಹಡಗು ಹಿಂದೂ ಮಹಾಸಾಗರದ ದಕ್ಷಿಣದ ಅಂಚಿನಲ್ಲಿ ಹಾದುಹೋಯಿತೇ ಹೊರತು ಅರಬ್ಬೀ ಸಮುದ್ರಕ್ಕೆ ಬರಲಿಲ್ಲ. ಭಾರತದ ಸುತ್ತಣ ಕಡಲಿನ ಜೀವಿಗಳ ಅಧ್ಯಯನ 1880ರ ದಶಕದಿಂದ 'ಇನ್ವೆಸ್ಟಿಗೇಟರ್' ಎಂಬ ಸರ್ವೇಕ್ಷಣಾ ಹಡಗಿನ ಮೂಲಕ ನಡೆಯಿತು. 1933-34ರಲ್ಲಿ ಈಜಿಪ್ಟಿನ 'ಮಬಾಹಿಸ್' ಹಡಗು ಸೇಮೂರ್ ಸೂವೆಲ್ ಅವರ ನೇತೃತ್ವದಲ್ಲಿ ಅರಬ್ಬೀ ಸಮುದ್ರವನ್ನು ಶೋಧಿಸಿತು.

ನಿರ್ಣಾಯಕವಾದುದು 1959ರಿಂದ 1965ರವರೆಗಿನ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾನ. ಅನೇಕ ದೇಶಗಳ ಸುಮಾರು ನಲವತ್ತು ಹಡಗುಗಳು ಇದರಲ್ಲಿ ಪಾಲ್ಗೊಂಡವು. ಭಾರತದ ಪರವಾಗಿ ನೌಕಾಪಡೆಯ 'ಕಿಸ್ತ್ನಾ' ಹಡಗು ಭಾಗವಹಿಸಿತು. ಮುಂಬಯಿಯಲ್ಲಿ ಅಂತರರಾಷ್ಟ್ರೀಯ ಹವಾಮಾನ ಕೇಂದ್ರವೂ ಕೊಚ್ಚಿಯಲ್ಲಿ ಜೀವವಿಜ್ಞಾನ ಕೇಂದ್ರವೂ ಸ್ಥಾಪನೆಯಾದವು. ಇದರ ಫಲವಾಗಿಯೇ 1966ರ ಜನವರಿ 1ರಂದು ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಹುಟ್ಟಿತು. ಅದು ಗೋವೆಯಲ್ಲಿ ನೆಲೆಗೊಂಡಿದೆ. ಮೋಡ ಕಡಲಿಗೆ ಹೋಗಿ ನೀರು ಕುಡಿದು ಬರುತ್ತದೆಂಬ ಕಲ್ಪನೆ ನಮ್ಮ ಹಳ್ಳಿಗಳಲ್ಲಿ ವ್ಯಾಪಕವಾಗಿದೆ. ಆದರೆ ಯಾವ ಕಡಲಿನ ನೀರು, ಎಷ್ಟು ನೀರು ಎಂಬುದನ್ನು ಲೆಕ್ಕ ಹಾಕಲು ಸಾಧ್ಯವಾದದ್ದು ಈ ಯಾನದ ಅಳತೆಗಳಿಂದ. 1965ರಲ್ಲಿ ಪಿ.ಆರ್. ಪಿಷಾರೋಟಿಯವರು ಮಳೆಯ ತೇವಾಂಶಕ್ಕೆ ಅರಬ್ಬೀ ಸಮುದ್ರದ ಆವಿಯೇ ಮುಖ್ಯ ಮೂಲವೆಂದು ವಾದಿಸಿದರು. ಮುಂದಿನ ಲೆಕ್ಕಗಳು ಭೂಮಧ್ಯರೇಖೆಯ ಆಚೆಗಿನ ದಕ್ಷಿಣ ಕಡಲಿನಿಂದಲೂ ಬಹುದೊಡ್ಡ ಪಾಲು ಬರುತ್ತದೆಂದು ತೋರಿಸಿದವು. ಆ ತೇವವನ್ನು ಆಫ್ರಿಕದ ಪೂರ್ವ ತೀರದಗುಂಟ ಹೊತ್ತು ತರುವ ವೇಗದ ಗಾಳಿಯ ಧಾರೆಯನ್ನು 1969ರಲ್ಲಿ ಫಿಂಡ್ಲೇಟರ್ ವಿವರಿಸಿದ.

1973, 1977 ಮತ್ತು 1979ರ ಮಾನ್ಸೂನ್ ಪ್ರಯೋಗಗಳಲ್ಲಿ ಹಡಗುಗಳು, ವಿಮಾನಗಳು, ಉಪಗ್ರಹಗಳು ಒಟ್ಟಾಗಿ ದುಡಿದವು. ಮುಂಗಾರಿಗೆ ಮುನ್ನ ಕಾದಿರುವ ಅರಬ್ಬೀ ಸಮುದ್ರವು ಮುಂಗಾರು ಹೊಕ್ಕ ಬಳಿಕ ಗಾಳಿಯ ಕಡೆತಕ್ಕೆ ಸಿಕ್ಕಿ ತಣ್ಣಗಾಗುತ್ತದೆಂಬುದು ಆಗ ಸ್ಪಷ್ಟವಾಯಿತು. 1976ರಲ್ಲಿ 'ಗವೇಷಣಿ', 1983ರಲ್ಲಿ 'ಸಾಗರ ಕನ್ಯಾ' ಎಂಬ ಸಂಶೋಧನಾ ಹಡಗುಗಳು ಬಂದು ಭಾರತೀಯ ವಿಜ್ಞಾನಿಗಳಿಗೆ ತಮ್ಮದೇ ಹಡಗು ದೊರೆಯಿತು.

ಬೆಂಗಳೂರಿನಿಂದ ಕಂಡ ಕಡಲು

ಕಡಲಿನಿಂದ ದೂರವಿರುವ ಬೆಂಗಳೂರು ಈ ಚರಿತ್ರೆಯಲ್ಲಿ ಪಡೆದ ಸ್ಥಾನ ಕನ್ನಡ ಓದುಗರಿಗೆ ಅಷ್ಟಾಗಿ ಪರಿಚಿತವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಅವರು ಡಿ.ಆರ್. ಸಿಕ್ಕಾ ಅವರೊಡನೆ 1980ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಮೈಲಿಗಲ್ಲು. ಉಪಗ್ರಹದ ಚಿತ್ರಗಳನ್ನು ದಿನದಿನವೂ ಪರಿಶೀಲಿಸಿದ ಅವರು, ಮಳೆ ತರುವ ಮೋಡದ ಪಟ್ಟಿ ಭೂಮಧ್ಯರೇಖೆಯ ಬಳಿಯ ಕಡಲಿನ ಮೇಲೆ ಹುಟ್ಟಿ, ಕೆಲವು ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಉತ್ತರಕ್ಕೆ, ನೆಲದ ಮೇಲಕ್ಕೆ ಚಲಿಸುವುದನ್ನು ತೋರಿಸಿದರು. ಮುಂಗಾರು ಒಮ್ಮೆ ಬಂದು ನಿಲ್ಲುವಂಥದಲ್ಲ. ಅದು ಅಲೆಅಲೆಯಾಗಿ ಬರುತ್ತದೆ, ನಡುವೆ ಬಿಡುವು ಕೊಡುತ್ತದೆ. ಹದಿಮೂರು ಹದಿನಾಲ್ಕು ದಿನದ ಮಳೆಗಳನ್ನು ಎಣಿಸುತ್ತ 'ಈ ಮಳೆ ಹೋಯಿತು, ಮುಂದಿನ ಮಳೆ ನೋಡೋಣ' ಎನ್ನುವ ರೈತನ ಮಾತಿನ ಹಿಂದೆಯೂ ಇದೇ ಅನುಭವವಿದೆ. ಆದರೆ ರೈತನ ಲೆಕ್ಕದ ಅವಧಿ ಸೂರ್ಯನ ಚಲನೆಯಿಂದ ನಿಶ್ಚಿತವಾದುದು. ಮೋಡಪಟ್ಟಿಯ ಅವಧಿಯಾದರೋ ವರ್ಷವರ್ಷಕ್ಕೂ ಬದಲಾಗುತ್ತದೆ.

1984ರಲ್ಲಿ ಗಾಡ್ಗೀಳ್, ಪಿ.ವಿ. ಜೋಸೆಫ್ ಮತ್ತು ಎನ್.ವಿ. ಜೋಶಿಯವರು ಕಡಲಿನ ಮೇಲ್ಮೈ ಉಷ್ಣತೆ ಸುಮಾರು 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರ ಎತ್ತರದ ಮೋಡಗಳು ಬಲವಾಗಿ ಕಟ್ಟಬಲ್ಲವೆಂದು ತೋರಿಸಿದರು. 1999ರ ಜುಲೈ-ಆಗಸ್ಟ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ನಡೆದ ಪ್ರಯೋಗದ ಮುಂಚೂಣಿಯಲ್ಲಿಯೂ ಇದೇ ಸಂಸ್ಥೆಯವರಿದ್ದರು. ಜಿ.ಎಸ್. ಭಟ್ ಮತ್ತಿತರರು ಪಾಲ್ಗೊಂಡ ಈ ಪ್ರಯೋಗದಲ್ಲಿ, ಮಳೆ ಸುರಿದ ಮೇಲೂ ಕೊಲ್ಲಿಯ ಮೇಲ್ಮೈ 28 ಡಿಗ್ರಿಗಿಂತ ಕೆಳಗಿಳಿಯದಿರುವುದು ಕಂಡುಬಂತು. ಮಳೆಯ ಮತ್ತು ನದಿಗಳ ಸಿಹಿನೀರು ಹಗುರವಾದ ಪದರವಾಗಿ ಮೇಲೆ ನಿಂತು ಕೆಳಗಿನ ತಣ್ಣೀರು ಬೆರೆಯದಂತೆ ತಡೆಯುತ್ತದೆ. ಅರಬ್ಬೀ ಸಮುದ್ರ ತಣಿದ ಮೇಲೂ ಬಂಗಾಳ ಕೊಲ್ಲಿ ಮಳೆಮೋಡಗಳನ್ನು ಕಟ್ಟುತ್ತಲೇ ಇರುವುದಕ್ಕೆ ಇದು ಕಾರಣ.

ಅದೇ 1999ರಲ್ಲಿ ಎನ್.ಎಚ್. ಸಾಜಿ, ಬಿ.ಎನ್. ಗೋಸ್ವಾಮಿ, ಪಿ.ಎನ್. ವಿನಯಚಂದ್ರನ್ ಮತ್ತು ತೋಶಿಯೊ ಯಮಗಾತ ಅವರು ಹಿಂದೂ ಮಹಾಸಾಗರಕ್ಕೂ ತನ್ನದೇ ಆದ ಒಂದು ತೂಗಾಟವಿದೆಯೆಂದು ಪ್ರಕಟಿಸಿದರು. ಕೆಲವು ವರ್ಷ ಅದರ ಪಶ್ಚಿಮ ಭಾಗ ಬೆಚ್ಚಗಾಗಿ ಸುಮಾತ್ರದ ಬದಿ ತಣ್ಣಗಾಗುತ್ತದೆ. ಕೆಲವು ವರ್ಷ ಇದು ತಿರುವುಮುರುವಾಗುತ್ತದೆ. ಇದನ್ನು ಹಿಂದೂ ಮಹಾಸಾಗರದ 'ದ್ವಿಧ್ರುವ' ಎನ್ನುತ್ತಾರೆ. 1997ರಲ್ಲಿ ಶತಮಾನದ ಅತಿ ಪ್ರಬಲ ಎಲ್ ನಿನೊಗಳಲ್ಲೊಂದು ಬಂದಿದ್ದರೂ ದೇಶದ ಮಳೆ ವಾಡಿಕೆಗೆ ಕಡಿಮೆಯಾಗಲಿಲ್ಲ. 2002ರಲ್ಲಿ ಅದಕ್ಕಿಂತ ದುರ್ಬಲವಾದ ಎಲ್ ನಿನೊ ಇದ್ದಾಗ ಶೇಕಡ 19ರಷ್ಟು ಕೊರತೆಯಾಯಿತು. ಭೂಮಧ್ಯರೇಖೆಯ ಬಳಿಯ ಹಿಂದೂ ಮಹಾಸಾಗರದ ಮೇಲಣ ಮೋಡ ಮತ್ತು ಗಾಳಿಯ ತೂಗಾಟವನ್ನೂ ಎಲ್ ನಿನೊವನ್ನೂ ಒಟ್ಟಿಗೆ ಪರಿಗಣಿಸಿದರೆ ಇಂಥ ವರ್ಷಗಳು ಅರ್ಥವಾಗುತ್ತವೆಂದು ಗಾಡ್ಗೀಳ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಮುಂದೆ 2016ರಲ್ಲಿ 'ಸಿಂಧು ಸಾಧನಾ' ಹಡಗಿನಲ್ಲಿ ವಿನಯಚಂದ್ರನ್ ಅವರ ನೇತೃತ್ವದಲ್ಲಿ ಭಾರತ-ಬ್ರಿಟನ್ ಜಂಟಿ ಪ್ರಯೋಗ ನಡೆಯಿತು. ಇಂದು ಎರಡು ಸಾವಿರ ಮೀಟರ್ ಆಳದವರೆಗೆ ಮುಳುಗಿ ಹತ್ತು ದಿನಕ್ಕೊಮ್ಮೆ ಮೇಲೆ ಬಂದು ವರದಿ ಮಾಡುವ 'ಆರ್ಗೊ' ತೇಲುಯಂತ್ರಗಳು ಮಹಾಸಾಗರಗಳಲ್ಲಿ ಸಾವಿರಾರು ಸಂಖ್ಯೆಯಲ್ಲಿ ಹರಡಿಕೊಂಡಿವೆ.

ಎರಡು ಅರಿವುಗಳ ನಡುವೆ

ಈ ಚರಿತ್ರೆಯ ಎದುರು ಜನಪದ ಮಳೆಜ್ಞಾನವನ್ನು ಇಟ್ಟು ನೋಡುವಾಗ ಎರಡು ಅತಿಗಳನ್ನು ಬಿಡಬೇಕಾಗುತ್ತದೆ. ವಿಜ್ಞಾನ ಕಂಡುಹಿಡಿದುದೆಲ್ಲ ನಮ್ಮ ಗಾದೆಗಳಲ್ಲಿ ಮೊದಲೇ ಇತ್ತೆಂಬುದು ಒಂದು ಅತಿ. ಎಲ್ ನಿನೊ, ದ್ವಿಧ್ರುವ, ಸಿಹಿನೀರಿನ ಪದರ ಯಾವ ಗಾದೆಯಲ್ಲೂ ಇಲ್ಲ, ಇರಲು ಸಾಧ್ಯವೂ ಇಲ್ಲ. ಗಾದೆಗಳೆಲ್ಲ ಬರಿಯ ಮೂಢನಂಬಿಕೆ ಎಂಬುದು ಇನ್ನೊಂದು ಅತಿ. ಗಾದೆ ಹೇಳುವುದು ಈ ವರ್ಷ ಏನಾಗುತ್ತದೆಂಬುದನ್ನಲ್ಲ, ಬಹು ವರ್ಷಗಳಲ್ಲಿ ಸಾಮಾನ್ಯವಾಗಿ ಏನಾಗುತ್ತ ಬಂದಿದೆ ಎಂಬುದನ್ನು. ಅಂದರೆ ಅದು ಮುನ್ಸೂಚನೆಯಲ್ಲ, ವಾಡಿಕೆಯ ದಾಖಲೆ. ಈ ವ್ಯತ್ಯಾಸವನ್ನು ಜನಪದರೂ ಅರಿತಿದ್ದರು. ವಾಡಿಕೆಗೆ ಗಾದೆಯಿದ್ದರೆ, ಈ ವರ್ಷದ ಪ್ರಶ್ನೆಗೆ ಬೇರೆಯದೇ ಆಚರಣೆಗಳಿವೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಒಂದು ಸಾಲಿನ ಕಾರಣಿಕವನ್ನು ರೈತರು ಆ ವರ್ಷದ ಮಳೆಬೆಳೆಗೆ ಅನ್ವಯಿಸಿ ಅರ್ಥೈಸುತ್ತಾರೆ. ಕಾರಹುಣ್ಣಿಮೆಯ ಕರಿ ಹರಿಯುವ ಆಟದಲ್ಲಿ ಮುಂದೆ ಓಡಿದ ಎತ್ತಿನ ಬಣ್ಣದಿಂದ ಯಾವ ಬೆಳೆ ಕೈಹಿಡಿಯುತ್ತದೆಂದು ಊಹಿಸುವುದುಂಟು. ಮಳೆ ಹೋದಾಗ ಮಳೆರಾಯನನ್ನು ಹೊತ್ತು ಮನೆಮನೆಗೆ ತಿರುಗುವ, ಕಪ್ಪೆ ಅಥವಾ ಕತ್ತೆಗಳ ಮದುವೆ ಮಾಡುವ ಆಚರಣೆಗಳಿವೆ. ಇವು ಮಳೆಯನ್ನು ಅಳೆಯುವ ಸಾಧನಗಳಲ್ಲ. ಅನಿಶ್ಚಯವನ್ನು ಊರೆಲ್ಲ ಕೂಡಿ ಎದುರಿಸುವ ಬಗೆಗಳು. ಗಾದೆಯನ್ನೂ ಕಾರಣಿಕವನ್ನೂ ಒಂದೇ 'ಜನಪದ ಹವಾಮಾನಶಾಸ್ತ್ರ' ಎಂಬ ತಲೆಬರಹದಡಿ ಸೇರಿಸುವುದು ಸರಿಯಾದ ವರ್ಗೀಕರಣವಲ್ಲ.

ಈ ಎರಡು ಅರಿವುಗಳು ನಿಜವಾಗಿ ಕೂಡಿದ ನಿದರ್ಶನವೂ ಕರ್ನಾಟಕದಲ್ಲಿದೆ. ಪಾವಗಡ-ಅನಂತಪುರ ಸೀಮೆಯ ಮಳೆಯಾಶ್ರಿತ ಕಡಲೆಕಾಯಿ ಬೆಳೆಯ ಬಗ್ಗೆ ಗಾಡ್ಗೀಳ್, ಪಿ.ಆರ್. ಶೇಷಗಿರಿ ರಾವ್ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ನಡೆಸಿದ ಅಧ್ಯಯನದಲ್ಲಿ, ಪ್ರಶ್ನೆಯನ್ನು ರೂಪಿಸುವ ಹಂತದಲ್ಲಿಯೇ ರೈತರು ಭಾಗಿಗಳಾಗಿದ್ದರು. ಯಾವ ದಿನಾಂಕಗಳ ನಡುವೆ ಬಿತ್ತಿದರೆ ನಷ್ಟದ ಸಂಭವ ಕಡಿಮೆ ಎಂಬುದನ್ನು ಬಹು ವರ್ಷಗಳ ಮಳೆ ದಾಖಲೆ ಮತ್ತು ಬೆಳೆಯ ಮಾದರಿಗಳಿಂದ ಲೆಕ್ಕ ಹಾಕಲಾಯಿತು. ವಾಡಿಕೆಯ ತಿಳಿವಳಿಕೆಯನ್ನು ವಿಜ್ಞಾನ ತಳ್ಳಿಹಾಕದೆ ಪರೀಕ್ಷೆಗೊಡ್ಡಿದ ಕ್ರಮ ಇದು.

ಇಂಥ ಕೂಡುವಿಕೆಯ ಅಗತ್ಯವನ್ನು 2023 ಮತ್ತೆ ನೆನಪಿಸಿತು. ಆ ವರ್ಷ ಎಲ್ ನಿನೊ ಬೆಳೆಯುತ್ತಿತ್ತು. ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಆಯಿತು. ಮಳೆನಕ್ಷತ್ರದ ಲೆಕ್ಕದಲ್ಲಿ ಅದು ಆಶ್ಲೇಷ ಮತ್ತು ಮಘೆಯ ಕಾಲ, ಕಾಳು ಕಟ್ಟುವ ಬೆಳೆಗೆ ನೀರು ಬೇಕಾದ ಕಾಲ. ಆದರೂ ಇಡೀ ಮಳೆಗಾಲದ ದೇಶದ ಸರಾಸರಿ ವಾಡಿಕೆಯ ಶೇಕಡ 94ರಷ್ಟಿತ್ತು. ಆ ಸರಾಸರಿಯ ಅಂಕಿ ಕಾಗದದ ಮೇಲೆ ಸಮಾಧಾನಕರವಾಗಿದ್ದಾಗ ಕರ್ನಾಟಕ ಸರ್ಕಾರ ಸೆಪ್ಟೆಂಬರಿನಲ್ಲಿ 195 ತಾಲ್ಲೂಕುಗಳನ್ನೂ ಮುಂದೆ 236ರಲ್ಲಿ 223 ತಾಲ್ಲೂಕುಗಳನ್ನೂ ಬರಪೀಡಿತವೆಂದು ಘೋಷಿಸಬೇಕಾಯಿತು. 2024ರ ಬೇಸಿಗೆಯಲ್ಲಿ ಚನ್ನಗಿರಿ ಸೀಮೆಯ ಅಡಿಕೆ ಬೆಳೆಗಾರರು ಟ್ಯಾಂಕರಿನಲ್ಲಿ ನೀರು ಕೊಂಡು ತೋಟ ಉಳಿಸಿಕೊಳ್ಳಲು ಹೆಣಗಿದರು. ಮೂವತ್ತು ನಲವತ್ತು ವರ್ಷ ಫಲ ಕೊಡಬೇಕಾದ ಮರ ಒಂದು ಬೇಸಿಗೆಗೆ ಒಣಗಿದರೆ ಆ ನಷ್ಟ ಒಂದು ವರ್ಷದ್ದಲ್ಲ. ಸಾಗರವಿಜ್ಞಾನ ಎಷ್ಟೇ ಬೆಳೆದಿದ್ದರೂ ಅದರ ಮಾತು ದೇಶದ ಸರಾಸರಿಯಾಗಿ ಹೊರಡುತ್ತದೆ. ರೈತನ ಪ್ರಶ್ನೆ ತನ್ನ ಹೊಲದ್ದು, ಈ ಹದಿನಾಲ್ಕು ದಿನದ್ದು. ನಡುವಿನ ಈ ಅಂತರವೇ ಇಂದಿನ ಮುಖ್ಯ ಸಮಸ್ಯೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಕಡಲ ಶೋಧದ ಚರಿತ್ರೆ ಕರಾವಳಿಗೆ ಸೀಮಿತವಾದುದಲ್ಲ. ಅದರ ದೊಡ್ಡ ಪ್ರಶ್ನೆಗಳನ್ನು ಕೇಳಿದ್ದು ಒಳನಾಡಿನ ಬರ. ಆ ಪ್ರಶ್ನೆಗಳಿಗೆ ಉತ್ತರ ಹುಡುಕಿದವರಲ್ಲಿ ಕರ್ನಾಟಕದ ಸಂಸ್ಥೆಯೊಂದರ ಪಾಲು ಹಿರಿದು. ಜನಪದ ಮಳೆಜ್ಞಾನವು ಸ್ಥಿರವೂ ಅನಾದಿಯೂ ಆದ ಸಂಪತ್ತಲ್ಲ, ಕಾಲಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತ ಬಂದ ಸ್ಥಳೀಯ ದಾಖಲೆ.

ಆದ್ದರಿಂದ ಮಳೆಗಾದೆಗಳ ಸಂಗ್ರಹಕಾರ್ಯದ ಕ್ರಮ ಬದಲಾಗಬೇಕಿದೆ. ಗಾದೆಯ ಜೊತೆಗೆ ಅದು ಯಾವ ಊರಿನದು, ಯಾವ ಮಣ್ಣಿಗೆ, ಯಾವ ಬೆಳೆಗೆ ಅನ್ವಯಿಸಿ ಹೇಳಿದ್ದು, ಹೇಳಿದವರ ವಯಸ್ಸೆಷ್ಟು, ಇಂದು ಅದನ್ನು ಅವರು ನಂಬಿ ಬಿತ್ತುತ್ತಾರೆಯೇ ಎಂಬ ವಿವರಗಳೂ ದಾಖಲಾಗಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದೆ. ಉಬ್ರಾಣಿಯಂಥ ಒಂದು ಹೋಬಳಿಯ ಮಳೆನಕ್ಷತ್ರಗಳ ಮಾತನ್ನು ಅದೇ ಹೋಬಳಿಯ ಮಳೆಯ ಅಂಕಿಗಳೊಡನೆ ಇಟ್ಟು ನೋಡುವುದು ಈಗ ಸಾಧ್ಯವಿದೆ. ಬಿತ್ತನೆಗೆ ಸಂಬಂಧಿಸಿದ ಗಾದೆಗಳನ್ನು ಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. ರಾಗಿ, ಜೋಳದ ಹೊಲಗಳು ಮೆಕ್ಕೆಜೋಳಕ್ಕೂ ಅಡಿಕೆಗೂ ತಿರುಗಿರುವಲ್ಲಿ ಆ ಗಾದೆಗಳಿಗೆ ಬಳಕೆಯೂ ತಪ್ಪುತ್ತಿದೆ. ಈ ಕೆಲಸಕ್ಕೆ ಉಳಿದಿರುವ ಕಾಲ ಹೆಚ್ಚಿಲ್ಲ. ಜಾನಪದ ಸಂಶೋಧಕರೂ ಹವಾಮಾನ ವಿಜ್ಞಾನಿಗಳೂ ಒಂದೇ ಊರಿನ ಹೊಲದಲ್ಲಿ ಕೂಡಿ ಇದನ್ನು ಕೈಗೆತ್ತಿಕೊಳ್ಳಬೇಕಾಗಿದೆ.